ನ್ಯಾಪ್‌ಸ್ಟರ್ ತಾಣದ ಚರಿತ್ರೆಯೂ ಅದರ ಪಾಠವೂ

ನಾನು ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಲಘುಕೌಮುದಿಯ ಒಂದು ವ್ಯಾಖ್ಯಾನವು ನಮಗೆ ಅವಶ್ಯವಾಗಿದ್ದಿತು. ಅದರ ಮುದ್ರಣವು ನಿಂತು ಬಹುಕಾಲವಾಗಿ, ಯಾವ ಅಂಗಡಿಯಲ್ಲಿಯೂ ಅದು ದೊರೆಯುತ್ತಿರಲಿಲ್ಲ. ಗುರುಗಳ ಬಳಿಯಲ್ಲಿ ಒಂದೇ ಒಂದು ಪ್ರತಿ ಇದ್ದಿತು. ನಾವು ನಾಲ್ವರು ಸಹಪಾಠಿಗಳು ಅದನ್ನು ಪಾಲುಮಾಡಿಕೊಂಡು, ಒಂದು ಮಳೆಗಾಲವೆಲ್ಲ ಕುಳಿತು ಕೈಯಿಂದ ನಕಲು ಮಾಡಿಕೊಂಡೆವು. ಅದು ಅಪರಾಧವೆಂದು ನಮಗೆ ತೋರಲಿಲ್ಲ. ಗುರುಗಳಾದರೋ ಪುಣ್ಯಕಾರ್ಯವೆಂದೇ ಹರಸಿದರು. ಇದಾಗಿ ಇಪ್ಪತ್ತು ವರ್ಷಗಳ ಮೇಲೆ, ಉಪಾಧ್ಯಾಯನಾಗಿದ್ದಾಗ, ಮಕ್ಕಳಿಗಾಗಿ ಒಂದು ಚಿಕ್ಕ ವ್ಯಾಕರಣದ ಕೈಪಿಡಿಯನ್ನು ಬರೆದು ಸ್ವಂತ ಖರ್ಚಿನಿಂದ ಅಚ್ಚುಹಾಕಿಸಿದೆನು. ಮರುವರ್ಷವೇ ಯಾರೋ ಒಬ್ಬರು ಅದನ್ನು ಒಂದಕ್ಷರವೂ ಬಿಡದೆ ಮುದ್ರಿಸಿ, ನನ್ನ ಹೆಸರನ್ನು ಮಾತ್ರ ಬಿಟ್ಟು, ಅರ್ಧ ಬೆಲೆಗೆ ಮಾರಿದರು. ನನ್ನ ಪ್ರತಿಗಳು ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾದುವು. ಅಂದು ನಕಲು ಮಾಡುವುದು ಪುಣ್ಯವೆಂದು ನನಗೆ ತೋರಲಿಲ್ಲ.

ಈ ಎರಡು ಅನುಭವಗಳನ್ನೂ ಮನಸ್ಸಿನಲ್ಲಿಟ್ಟುಕೊಂಡೇ ನಾನು ಪ್ರಕೃತ ವಿಷಯವನ್ನು ಬರೆಯಲು ಹೊರಟಿರುವೆನು. ಅಂತರ್ಜಾಲದಲ್ಲಿ ಹಾಡುಗಳನ್ನೂ ಚಲಚ್ಚಿತ್ರಗಳನ್ನೂ ಜನರು ಪರಸ್ಪರ ಹಂಚಿಕೊಳ್ಳುವುದಕ್ಕೆ ನೆರವಾದ ತಾಣಗಳನ್ನು, ಆಯಾ ಉದ್ಯಮದ ಸಂಘಗಳು ನ್ಯಾಯಾಲಯದ ಮೂಲಕ ಮುಚ್ಚಿಸಿದ ಚರಿತ್ರೆಯೇ ಆ ವಿಷಯವು. ಅದರ ಆದಿಪರ್ವವು ಅಮೆರಿಕಾ ದೇಶದಲ್ಲಿ ನಡೆಯಿತು.

ಮೊದಲು ಪೂರ್ವಕಥೆಯನ್ನು ಸಂಕ್ಷೇಪವಾಗಿ ಹೇಳಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಿಯಾನೋ ವಾದ್ಯವು ತಾನಾಗಿಯೇ ನುಡಿಯುವಂತೆ ಮಾಡುವ ಒಂದು ಯಂತ್ರವು ಆ ದೇಶದಲ್ಲಿ ಬಳಕೆಗೆ ಬಂದಿದ್ದಿತು. ರಂಧ್ರಗಳನ್ನು ಕೊರೆದ ಕಾಗದದ ಸುರುಳಿಯೇ ಅದಕ್ಕೆ ಹಾಡನ್ನು ತಿಳಿಸುತ್ತಿದ್ದಿತು. ಸುರುಳಿಗಳನ್ನು ಮಾಡುವವರು ಗೀತಕಾರರಿಗೆ ಕಾಸನ್ನೂ ಕೊಡುತ್ತಿರಲಿಲ್ಲ. 1908ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು, ಮನುಷ್ಯನು ಕಣ್ಣಿನಿಂದ ಓದಲಾರದ ಈ ಸುರುಳಿಯು ಸಂಗೀತದ ‘ಪ್ರತಿ’ಯೇ ಅಲ್ಲವೆಂದು ತೀರ್ಪಿತ್ತಿತು. ಗೀತಕಾರರು ಸೋತರು. ಆದರೆ ಮರುವರ್ಷವೇ, ಎಂದರೆ 1909ರಲ್ಲಿ, ಆ ದೇಶದ ಶಾಸನಸಭೆಯು ಒಂದು ಮಧ್ಯಮಮಾರ್ಗವನ್ನು ಕಂಡುಹಿಡಿಯಿತು. ಗೀತಕಾರನು ಒಬ್ಬನಿಗೆ ಅನುಮತಿಯನ್ನು ಕೊಟ್ಟಮೇಲೆ, ಬೇರೆ ಯಾರೇ ಆಗಲಿ, ಪ್ರತಿಯೊಂದು ಸುರುಳಿಗೂ 2 ಸೆಂಟುಗಳನ್ನು ಅವನಿಗೆ ಸಲ್ಲಿಸಿ ಆ ಹಾಡನ್ನು ಯಂತ್ರಕ್ಕೆ ಅಳವಡಿಸಬಹುದೆಂದು ವಿಧಿಸಿತು. ಯಂತ್ರವೂ ಉಳಿಯಿತು, ಗೀತಕಾರನೂ ಉಳಿದನು.

ಎರಡನೆಯ ಪ್ರಸಂಗವು ಸೋನಿ ಎಂಬ ಜಪಾನೀ ಸಂಸ್ಥೆಯದು. ಮನೆಯ ದೂರದರ್ಶನದಲ್ಲಿ ಬರುವ ದೃಶ್ಯಗಳನ್ನು ಮುದ್ರಿಸಿಟ್ಟುಕೊಳ್ಳುವ ಅದರ ಬೀಟಾಮ್ಯಾಕ್ಸ್ ಎಂಬ ಯಂತ್ರದ ಮೇಲೆ ಯೂನಿವರ್ಸಲ್, ಡಿಸ್ನಿ ಎಂಬ ಚಿತ್ರಸಂಸ್ಥೆಗಳು 1976ರಲ್ಲಿ ದಾವೆ ಹೂಡಿದುವು. 1984ರಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರು ಸೋನಿಯ ಪಕ್ಷವಾಗಿಯೂ ನಾಲ್ವರು ವಿರೋಧವಾಗಿಯೂ ನಿಂತರು. ನ್ಯಾಯಸಮ್ಮತವಾದ ಉಪಯೋಗಗಳು ಗಣನೀಯವಾಗಿ ಇರುವ ಯಂತ್ರವನ್ನು, ಕೆಲವರು ದುರುಪಯೋಗಪಡಿಸುವರೆಂಬ ಕಾರಣದಿಂದ ನಿಷೇಧಿಸಲಾಗದೆಂಬುದು ಆ ತೀರ್ಪಿನ ಸಾರ. ಸೋತ ಚಿತ್ರಸಂಸ್ಥೆಗಳೇ ಮುಂದೆ ಅದೇ ಬಗೆಯ ಸುರುಳಿಗಳನ್ನು ಮಾರಿ ಹೇರಳವಾದ ಧನವನ್ನು ಗಳಿಸಿದುವೆಂಬುದನ್ನು ಇಲ್ಲಿ ನೆನೆಯತಕ್ಕದ್ದು.

ಇನ್ನು ಮುಖ್ಯಕಥೆ. 1990ರ ದಶಕದಲ್ಲಿ ಜರ್ಮನಿಯ ವಿಜ್ಞಾನಿಗಳು ಪ್ರಮುಖಪಾತ್ರ ವಹಿಸಿ ರೂಪಿಸಿದ ಎಂಪಿ3 ಎಂಬ ವಿಧಾನದಿಂದ, ಒಂದು ಹಾಡು ಗಣಕಯಂತ್ರದಲ್ಲಿ ಹಿಡಿಯುವ ಸ್ಥಳವು ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿಯಿತು. ಬಾಸ್ಟನ್ ನಗರದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯಕ್ಕೆ ಸೇರಿದ್ದ ಶಾನ್ ಫ್ಯಾನಿಂಗ್ ಎಂಬ 18 ವರ್ಷದ ತರುಣನು, 1999ರ ಜೂನ್ ತಿಂಗಳಲ್ಲಿ ನ್ಯಾಪ್‌ಸ್ಟರ್ ಎಂಬುದನ್ನು ಪ್ರಾರಂಭಿಸಿದನು. ಶಾನ್ ಪಾರ್ಕರ್ ಎಂಬ ಮತ್ತೊಬ್ಬ ತರುಣನು ಅವನಿಗೆ ಜೊತೆಗಾರನಾದನು.

ಅದರ ರಚನೆಯನ್ನು ವಾಚಕರು ಚೆನ್ನಾಗಿ ಗಮನಿಸಬೇಕು. ಮುಂದಿನ ವ್ಯವಹಾರವೆಲ್ಲ ಅದರ ಮೇಲೆಯೇ ನಿಂತಿದೆ. ನ್ಯಾಪ್‌ಸ್ಟರ್ ಸಂಸ್ಥೆಯ ಬಳಿಯಲ್ಲಿ ಒಂದು ಹಾಡೂ ಇರಲಿಲ್ಲ. ಹಾಡುಗಳೆಲ್ಲ ಜನರ ಮನೆಗಳ ಗಣಕಯಂತ್ರಗಳಲ್ಲಿದ್ದುವು. ಯಾವ ಹಾಡು ಯಾರ ಮನೆಯಲ್ಲಿದೆಯೆಂದು ತಿಳಿಸುವ ಅನುಕ್ರಮಣಿಕೆಯೊಂದು ಮಾತ್ರ ಸಂಸ್ಥೆಯ ವಶದಲ್ಲಿದ್ದಿತು. ಬೇಕಾದವನು ಅಲ್ಲಿ ಹುಡುಕಿ, ಇದ್ದವನಿಂದ ನೇರವಾಗಿ ಪಡೆಯುತ್ತಿದ್ದನು. ಒಂದು ವರ್ಷದೊಳಗೆ ಸುಮಾರು 2 ಕೋಟಿ ಜನರು ಅದನ್ನು ಬಳಸತೊಡಗಿದರು.

ಅಮೆರಿಕಾದ ಧ್ವನಿಮುದ್ರಿಕೆಗಳ ಉದ್ಯಮಕ್ಕೆ 1952ರಲ್ಲಿ ಸ್ಥಾಪಿತವಾದ ಒಂದು ಸಂಘವಿದೆ. ಅದರ ನೇತೃತ್ವದಲ್ಲಿ ದೊಡ್ಡ ಮುದ್ರಿಕಾಸಂಸ್ಥೆಗಳೆಲ್ಲ ಒಂದುಗೂಡಿ 1999ರ ಡಿಸೆಂಬರಿನಲ್ಲಿಯೇ ದಾವೆ ಹೂಡಿದುವು. ಆಗಿನ್ನೂ ತಾಣಕ್ಕೆ ಆರು ತಿಂಗಳು. ಸಂಸ್ಥೆಗಳು ಮಾತ್ರವಲ್ಲ, ಕಲಾವಿದರೂ ನೊಂದಿದ್ದರು. ಮೆಟಾಲಿಕಾ ಎಂಬ ವಾದ್ಯಗೋಷ್ಠಿಯವರ ಇನ್ನೂ ಬಿಡುಗಡೆಯಾಗದಿದ್ದ ಹಾಡೊಂದು ಈ ಮಾರ್ಗದಿಂದ ಹೊರಬಿದ್ದು ಬಾನುಲಿಯಲ್ಲಿ ಕೇಳಿಸಿತು. ಅವರು 2000ದ ಏಪ್ರಿಲಿನಲ್ಲಿ ಬೇರೆಯೇ ದಾವೆ ಹೂಡಿ, ತಮ್ಮ ಹಾಡುಗಳನ್ನು ಹಂಚಿದ 3 ಲಕ್ಷಕ್ಕೂ ಮಿಕ್ಕ ಜನರ ಪಟ್ಟಿಯನ್ನು ಸಂಸ್ಥೆಗೆ ಒಪ್ಪಿಸಿದರು. ತನ್ನ ಕೃತಿಯು ತನ್ನ ಕೈಯಿಂದ ಬಿಡುಗಡೆಯಾಗುವ ಮೊದಲೇ ಬೀದಿಗೆ ಬಿದ್ದರೆ ಯಾವ ಕರ್ತೃವು ತಾನೇ ಸುಮ್ಮನಿರುವನು? ಅವರ ಕೋಪವನ್ನು ನಾನು ಅಲ್ಲಗಳೆಯಲಾರೆನು.

ನ್ಯಾಪ್‌ಸ್ಟರ್ ಪಕ್ಷದವರು ಸೋನಿಯ ತೀರ್ಪನ್ನೇ ಆಶ್ರಯಿಸಿದರು. ಹೊಸ ಕಲಾವಿದರು ಸ್ವ-ಇಚ್ಛೆಯಿಂದ ಹಾಡುಗಳನ್ನು ಹಂಚುವರು, ಜನರು ರುಚಿನೋಡಿ ಆಮೇಲೆ ಮುದ್ರಿಕೆಗಳನ್ನು ಕೊಳ್ಳುವರು ಎಂದು ವಾದಿಸಿದರು. 2000ದ ಜುಲೈ 26ರಂದು ನ್ಯಾಯಾಧೀಶೆ ಮ್ಯಾರಿಲಿನ್ ಹಾಲ್ ಪಟೇಲ್ ಅವರು ಈ ವಾದಗಳನ್ನು ತಳ್ಳಿಹಾಕಿ ತಡೆಯಾಜ್ಞೆಯನ್ನು ಕೊಟ್ಟರು. ಎರಡು ದಿನಗಳಲ್ಲಿಯೇ ಮೇಲ್ಮನವಿಯ ನ್ಯಾಯಾಲಯವು ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಆದರೆ 2001ರ ಫೆಬ್ರವರಿ 12ರಂದು ಆ ನ್ಯಾಯಾಲಯವೂ ಮುಖ್ಯಾಂಶದಲ್ಲಿ ವಾದಿಗಳ ಪಕ್ಷವನ್ನೇ ಎತ್ತಿಹಿಡಿಯಿತು. ಯಂತ್ರವನ್ನು ನಿರ್ಮಿಸಿದ ಮಾತ್ರದಿಂದ ಯಾರೂ ಅಪರಾಧಿಯಾಗರು. ಆದರೆ ನಿಷಿದ್ಧವಾದ ಹಾಡು ಇಂಥಲ್ಲಿದೆಯೆಂದು ತಿಳಿದೂ ತನ್ನ ಅನುಕ್ರಮಣಿಕೆಯಿಂದ ಅದನ್ನು ತೆಗೆಯದವನು ಹೊಣೆಗಾರನಾಗುವನು ಎಂಬುದೇ ಅದರ ತಾತ್ಪರ್ಯ.

ಅಲ್ಲಿಂದ ಮುಂದೆ ಹಾಡುಗಳನ್ನು ಸೋಸುವ ಕಾರ್ಯವು ನಡೆಯಿತು. ಸಂಸ್ಥೆಯು ಹೆಸರುಗಳನ್ನು ಹುಡುಕಿ ತೆಗೆದರೆ, ಜನರು ಅಕ್ಷರಗಳನ್ನು ಹಿಂದುಮುಂದು ಮಾಡಿ ಅದೇ ಹಾಡುಗಳನ್ನು ಪುನಃ ಸೇರಿಸಿದರು. ನೂರಕ್ಕೆ 99ಕ್ಕಿಂತ ಹೆಚ್ಚು ಅಂಶವನ್ನು ತಡೆದಿರುವೆವೆಂದು ಸಂಸ್ಥೆಯವರು ನಿವೇದಿಸಿಕೊಂಡರೂ, ನೂರಕ್ಕೆ ನೂರು ತಡೆಯುವವರೆಗೆ ತಾಣವನ್ನು ತೆರೆಯಕೂಡದೆಂದು 2001ರ ಜುಲೈಯಲ್ಲಿ ನ್ಯಾಯಾಧೀಶೆಯವರು ಆಜ್ಞಾಪಿಸಿದರು. ಆ ತಿಂಗಳ ಆರಂಭದಲ್ಲಿ ನಿಂತ ಹಂಚಿಕೆಯು ಮತ್ತೆ ಆರಂಭವಾಗಲಿಲ್ಲ. 2.6 ಕೋಟಿ ಡಾಲರುಗಳ ರಾಜಿಯೊಂದು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆಯಿತು. 2002ರಲ್ಲಿ ಸಂಸ್ಥೆಯು ದಿವಾಳಿಯಾಗಿ, ಅದರ ಹೆಸರನ್ನು ಹರಾಜಿನಲ್ಲಿ ಬೇರೆಯವರು ಕೊಂಡರು.

ವಾದಿಗಳು ಗೆದ್ದರು, ವ್ಯಾಧಿಯು ಶಮನವಾಯಿತೇ? ರಕ್ತಬೀಜಾಸುರನ ಕಥೆಯನ್ನು ನಮ್ಮ ಮನೆಗಳಲ್ಲಿ ಅರಿಯದವರಿಲ್ಲ. ಇಲ್ಲಿಯೂ ಹಾಗೆಯೇ ಆಯಿತು. ಅನುಕ್ರಮಣಿಕೆಯನ್ನು ಇಟ್ಟುಕೊಂಡುದೇ ನ್ಯಾಪ್‌ಸ್ಟರಿನ ತಪ್ಪಾದುದರಿಂದ, ಮುಂದೆ ಬಂದವರು ಅನುಕ್ರಮಣಿಕೆಯೇ ಇಲ್ಲದಂತೆ ತಮ್ಮ ಯಂತ್ರಗಳನ್ನು ರಚಿಸಿಕೊಂಡರು. ಅಂಥದೊಂದರಲ್ಲಿ ಕೇಂದ್ರವೆಂಬುದಿಲ್ಲ, ಮುಚ್ಚಬೇಕಾದ ಬಾಗಿಲೂ ಇಲ್ಲ. ಗ್ರೋಕ್‌ಸ್ಟರ್ ಎಂಬುದು ಇಂಥ ಸಂತತಿಗೆ ಸೇರಿದುದು. 2003ರಲ್ಲಿಯೂ 2004ರಲ್ಲಿಯೂ ಕೆಳಗಿನ ನ್ಯಾಯಾಲಯಗಳು ಅದನ್ನು ದೋಷಿಯಲ್ಲವೆಂದುವು. ಆದರೆ 2005ರ ಜೂನ್ 27ರಂದು ಸರ್ವೋಚ್ಚ ನ್ಯಾಯಾಲಯವು, ಕಳ್ಳನಕಲಿಗೆ ಜನರನ್ನು ಪ್ರಚೋದಿಸಿದವನು ಹೊಣೆಗಾರನೆಂದು ಏಕಾಭಿಪ್ರಾಯದಿಂದ ತೀರ್ಪಿತ್ತಿತು. ನವೆಂಬರಿನಲ್ಲಿ ಗ್ರೋಕ್‌ಸ್ಟರ್ 5 ಕೋಟಿ ಡಾಲರುಗಳಿಗೆ ರಾಜಿಯಾಗಿ ಮುಚ್ಚಿತು. 2010ರಲ್ಲಿ ಲೈಮ್‌ವೈರ್, 2013ರಲ್ಲಿ ಐಸೋಹಂಟ್, ಹೀಗೆ ಪರಂಪರೆಯು ಮುಂದುವರಿಯಿತು. ಸ್ವೀಡನ್ ದೇಶದಲ್ಲಿ ಪೈರೇಟ್ ಬೇ ಎಂಬ ತಾಣದ ಯಂತ್ರಗಳನ್ನು 2006ರ ಮೇ 31ರಂದು ಪೊಲೀಸರು ಹೊತ್ತೊಯ್ದರು. ಮೂರು ದಿನಗಳೊಳಗೆ ಅದು ಪುನಃ ಕಾಣಿಸಿಕೊಂಡಿತು. ನಮ್ಮ ದೇಶದಲ್ಲಿಯೂ, 2019ರ ಏಪ್ರಿಲ್ 10ರಂದು ದೆಹಲಿಯ ಉಚ್ಚ ನ್ಯಾಯಾಲಯವು ಯು.ಟಿ.ವಿ. ಎಂಬ ಚಿತ್ರಸಂಸ್ಥೆಯ ದಾವೆಯಲ್ಲಿ, ನಿಷೇಧಿತವಾದ ತಾಣವು ಹೆಸರನ್ನು ಬದಲಿಸಿಕೊಂಡು ಬಂದರೆ ಹೊಸ ದಾವೆಯಿಲ್ಲದೆಯೇ ಅದನ್ನೂ ಆಜ್ಞೆಯೊಳಗೆ ಸೇರಿಸಲು ದಾರಿಮಾಡಿಕೊಟ್ಟಿತು. ಕಡಿದಷ್ಟೂ ಹುಟ್ಟುವುದನ್ನು ನ್ಯಾಯಾಲಯಗಳೇ ಕಂಡುಕೊಂಡುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕೇಂದ್ರವು ಇಲ್ಲದೆಹೋದಾಗ ಉದ್ಯಮಸಂಘದ ಕಣ್ಣು ಮನೆಮನೆಗಳ ಮೇಲೆ ಬಿದ್ದಿತು. 2003ರ ಸೆಪ್ಟೆಂಬರಿನಲ್ಲಿ ಒಮ್ಮೆಗೇ 261 ಜನರ ಮೇಲೆ ದಾವೆಗಳು ಹೂಡಲ್ಪಟ್ಟುವು. ಅವರಲ್ಲಿ ಹನ್ನೆರಡು ವರ್ಷದ ಬಾಲಿಕೆಯೊಬ್ಬಳಿದ್ದಳು. ಅವಳ ತಾಯಿಯು 2000 ಡಾಲರುಗಳನ್ನು ತೆತ್ತು ರಾಜಿ ಮಾಡಿಕೊಳ್ಳಬೇಕಾಯಿತು. 2008ರಲ್ಲಿ ಈ ಕ್ರಮವನ್ನು ಕೈಬಿಡುವ ವೇಳೆಗೆ ಸುಮಾರು 35,000 ಜನರು ಇದಕ್ಕೆ ಗುರಿಯಾಗಿದ್ದರು. ಇಷ್ಟಾದರೂ 1999ರಲ್ಲಿ ಸುಮಾರು 1460 ಕೋಟಿ ಡಾಲರುಗಳಾಗಿದ್ದ ಆ ದೇಶದ ಮುದ್ರಿಕೆಗಳ ವ್ಯಾಪಾರವು, 2014ರ ವೇಳೆಗೆ ಅದರ ಅರ್ಧಕ್ಕಿಂತ ಕೆಳಗೆ ಇಳಿದಿದ್ದಿತು.

ರೋಗಕ್ಕೆ ಔಷಧವು ನ್ಯಾಯಾಲಯದಿಂದಲ್ಲ, ಅಂಗಡಿಯಿಂದ ಬಂದಿತು. 2003ರ ಏಪ್ರಿಲ್ 28ರಂದು ಆಪಲ್ ಸಂಸ್ಥೆಯು ಹಾಡೊಂದಕ್ಕೆ 99 ಸೆಂಟುಗಳಂತೆ ಮಾರುವ ತಾಣವನ್ನು ತೆರೆದಾಗ, ಮೊದಲ ವಾರದಲ್ಲಿಯೇ 10 ಲಕ್ಷ ಹಾಡುಗಳು ಮಾರಾಟವಾದುವು. ಪೈರೇಟ್ ಬೇ ಹುಟ್ಟಿದ ಸ್ವೀಡನ್ನಿನಲ್ಲಿಯೇ ಸ್ಪಾಟಿಫೈ ಎಂಬುದು 2008ರಲ್ಲಿ ಪ್ರಾರಂಭವಾಗಿ, ತಿಂಗಳ ಚಂದಾ ತೆತ್ತು ಬೇಕಾದ ಹಾಡನ್ನು ಕೇಳುವ ಪದ್ಧತಿಯನ್ನು ಹಬ್ಬಿಸಿತು. ಮುದ್ರಿಕಾವ್ಯಾಪಾರವು ಮತ್ತೆ ಚೇತರಿಸಿಕೊಂಡುದು ಈ ಮಾರ್ಗದಿಂದಲೇ. ಜನರು ಕಳ್ಳರಾಗಿರಲಿಲ್ಲ, ಅವರಿಗೆ ಬೇಕಾದುದನ್ನು ನ್ಯಾಯವಾದ ಬೆಲೆಗೆ ಮಾರುವ ಅಂಗಡಿ ಇರಲಿಲ್ಲ. 1909ರಲ್ಲಿ ಹಿರಿಯರು ಕಂಡಿದ್ದ ಸುಂಕದ ಮಾರ್ಗವನ್ನು 2001ರಲ್ಲಿಯೇ ಅನುಸರಿಸಿದ್ದರೆ, ಗೀತಕಾರನಿಗೂ ಕೇಳುಗನಿಗೂ ಅಷ್ಟು ವರ್ಷಗಳ ಕಲಹವು ತಪ್ಪುತ್ತಿದ್ದಿತೆಂದು ನನ್ನ ಅಭಿಪ್ರಾಯ.

ಇನ್ನೊಂದು ನಷ್ಟವನ್ನು ಲೆಕ್ಕದ ಪುಸ್ತಕಗಳು ತೋರಿಸುವುದಿಲ್ಲ. ನ್ಯಾಪ್‌ಸ್ಟರಿನ ಅನುಕ್ರಮಣಿಕೆಯಲ್ಲಿ ಹೊಸ ಹಾಡುಗಳು ಮಾತ್ರವಲ್ಲದೆ, ಯಾವ ಸಂಸ್ಥೆಯೂ ಮಾರುವುದನ್ನು ನಿಲ್ಲಿಸಿದ್ದ ಹಳೆಯ ಮುದ್ರಿಕೆಗಳೂ ಇದ್ದುವು. ಬಾಗಿಲು ಮುಚ್ಚಿದಾಗ ಎರಡೂ ಸಮವಾಗಿ ಮುಚ್ಚಿಹೋದುವು. ಒಡೆಯನು ಮಾರುತ್ತಿರುವುದನ್ನು ಕದಿಯುವುದು ಬೇರೆ. ಯಾರೂ ಮಾರದೆ ನಶಿಸುತ್ತಿರುವುದನ್ನು ಉಳಿಸಿಕೊಳ್ಳುವುದು ಬೇರೆ. ನ್ಯಾಯಾಲಯದ ಆಜ್ಞೆಯು ಈ ಭೇದವನ್ನು ಮಾಡಲಿಲ್ಲ. ದಾವೆ ಹೂಡಿದವರು ಅದನ್ನು ಕೇಳಲೂ ಇಲ್ಲ.

ಪಾಠಶಾಲೆಯಲ್ಲಿ ನಾನು ನಕಲು ಮಾಡಿದ ವ್ಯಾಖ್ಯಾನದ ಪಾಲು ಇಂದಿಗೂ ನನ್ನ ಪೆಟ್ಟಿಗೆಯಲ್ಲಿದೆ. ಹೆಸರು ಕಿತ್ತುಹಾಕಿ ಮುದ್ರಿಸಿದ ನನ್ನ ಕೈಪಿಡಿಯ ಒಂದು ಪ್ರತಿಯೂ ಅದರ ಪಕ್ಕದಲ್ಲಿಯೇ ಇದೆ. ಎರಡೂ ನಕಲುಗಳೇ. ಮೊದಲನೆಯದರಿಂದ ಯಾರಿಗೂ ಹಾನಿಯಾಗಲಿಲ್ಲ, ಒಂದು ಗ್ರಂಥವು ಉಳಿಯಿತು; ಎರಡನೆಯದರಿಂದ ಒಬ್ಬ ಬಡ ಉಪಾಧ್ಯಾಯನ ವರ್ಷದ ಉಳಿತಾಯವು ಹೋಯಿತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗದ ಶಾಸನವನ್ನು ರಚಿಸುವುದು ಕಷ್ಟವಾದರೂ ಅಸಾಧ್ಯವಲ್ಲ. 1909ರ ಸುಂಕದ ವಿಧಿಯೇ ಅದಕ್ಕೆ ನಿದರ್ಶನ. ಮುಂದೆ ಹೊಸ ಯಂತ್ರವೊಂದು ಬಂದು ಇದೇ ಕಲಹವು ಪುನಃ ಎದ್ದಾಗ, ಬಾಗಿಲನ್ನು ಮುಚ್ಚುವ ಮೊದಲು ಒಳಗೆ ಏನೇನಿದೆಯೆಂದು ಒಮ್ಮೆ ನೋಡುವುದು ಪ್ರಾಜ್ಞರ ಕರ್ತವ್ಯವಾಗಿದೆ.