ಮಂತ್ರಶಕ್ತಿ ಹೋದ ಮೇಲೆ ಗೆಡ್

ಮಾಂತ್ರಿಕರ ಕಥೆಗಳಿಗೆ ಒಂದು ಹಳೆಯ ರೂಢಿಯಿತ್ತು. ನಾಯಕ ಗಂಡಸು, ಅವನ ಗುರುವೂ ಗಂಡಸು. ಲೋಕವನ್ನು ಉಳಿಸಿದ ಮೇಲೆ ನಾಯಕ ಕಣ್ಮರೆಯಾಗಬೇಕು. ಮಾರನೆಯ ದಿನ ಅವನು ಎಲ್ಲಿ ಉಂಡ, ಯಾರು ಬಡಿಸಿದರು ಎಂದು ಯಾರೂ ಕೇಳುವುದಿಲ್ಲ.

ಅಮೆರಿಕದ ಅರ್ಸುಲಾ ಲೆ ಗ್ವಿನ್ 1968ರಲ್ಲಿ ‘ಎ ವಿಜರ್ಡ್ ಆಫ್ ಅರ್ತ್‌ಸೀ’ ಪ್ರಕಟಿಸಿದಾಗ ಆ ಬಗೆಯ ಕಥೆಗಳ ಒಂದು ಕಟ್ಟನ್ನು ಮುರಿದರು. ಅವರ ನಾಯಕ ಗೆಡ್‌ನದು ತಾಮ್ರದ ಮೈಬಣ್ಣ. ದೋಣಿಗಳಲ್ಲಿ ಬಂದು ಊರು ಸುಡುವವರು ಬಿಳಿಯರು. ಮಿಕ್ಕ ಕಟ್ಟುಗಳು ಹಾಗೆಯೇ ಉಳಿದವು. ರೋಕ್ ದ್ವೀಪದ ಮಂತ್ರವಿದ್ಯೆಯ ಶಾಲೆಗೆ ಹುಡುಗರಿಗೆ ಮಾತ್ರ ಪ್ರವೇಶ. ಹೆಂಗಸರ ಮಂತ್ರವನ್ನು ಹೀಗಳೆಯುವ ಗಾದೆ ಆ ನಾಡಿನ ಜನರ ಬಾಯಲ್ಲೇ ಇತ್ತು. 1972ರ ಮೂರನೆಯ ಸಂಪುಟದಲ್ಲಿ ಗೆಡ್ ಸತ್ತವರ ನಾಡಿಗೆ ಹೋಗಿ, ಅಲ್ಲಿ ಬಿದ್ದಿದ್ದ ಬಿರುಕನ್ನು ಮುಚ್ಚಲು ತನ್ನ ಶಕ್ತಿಯನ್ನೆಲ್ಲ ಸುರಿದು, ಕಲೆಸಿನ್ ಎಂಬ ಡ್ರ್ಯಾಗನ್ ಏರಿ ಹಾರಿಹೋದ. ರೂಢಿಯ ಪ್ರಕಾರ ಕಥೆ ಅಲ್ಲಿಗೆ ಮುಗಿಯಿತು.

ಮುಂದಿನ ಪುಸ್ತಕ ‘ತೆಹಾನು’ ಬಂದದ್ದು 1990ರಲ್ಲಿ. ನಡುವೆ ಹದಿನೆಂಟು ವರ್ಷ. ಅಷ್ಟರಲ್ಲಿ ಸ್ತ್ರೀವಾದಿ ಚಿಂತನೆ ಲೆ ಗ್ವಿನ್ ಅವರ ಬರವಣಿಗೆಯನ್ನೇ ಬದಲಿಸಿತ್ತು. ಗೆಡ್‌ನ ಕಥೆಯನ್ನು ಈ ಸಲ ಅವರು ಟೆನಾರ್‌ಳ ಕಣ್ಣಿನಿಂದ ನೋಡಿದರು. ಎರಡನೆಯ ಸಂಪುಟದಲ್ಲಿ ಸಮಾಧಿಗಳ ಅರ್ಚಕಿಯಾಗಿದ್ದ ಹುಡುಗಿ ಇಲ್ಲಿ ಗಾಂಟ್ ದ್ವೀಪದ ರೈತನೊಬ್ಬನ ವಿಧವೆ, ಬೆಳೆದ ಮಕ್ಕಳ ತಾಯಿ. ತನ್ನವರೇ ಬೆಂಕಿಗೆ ನೂಕಿದ್ದ ಮಗು ಥೆರುವನ್ನು ಸಾಕುತ್ತಿದ್ದಾಳೆ. ಅವಳ ಎದುರಿಗೆ ಡ್ರ್ಯಾಗನ್ ಗೆಡ್‌ನನ್ನು ಇಳಿಸಿ ಹೋಗುತ್ತದೆ. ಅವನಿಗೆ ಎಚ್ಚರವೂ ಇಲ್ಲ.

ನನ್ನ ಯಜಮಾನರು ನಿವೃತ್ತರಾದ ವರ್ಷ ಈ ಪುಸ್ತಕ ನನ್ನ ಕೈಗೆ ಬಂತು. ಕುರ್ಚಿ ಬಿಟ್ಟುಬಂದ ಗಂಡಸು ಮನೆಯೊಳಗೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಓಡಾಡುವುದನ್ನು ಹತ್ತಿರದಿಂದ ನೋಡಿದವಳಿಗೆ ಗೆಡ್‌ನ ಸಂಕಟ ವಿವರಿಸಿ ಹೇಳಬೇಕಾಗಿರಲಿಲ್ಲ. ರಾಜನ ದೂತರು ಹುಡುಕಿಕೊಂಡು ಬಂದರೆ ಗೆಡ್ ಅಡಗಿಕೊಳ್ಳುತ್ತಾನೆ. ಡ್ರ್ಯಾಗನ್‌ಗಳೊಡನೆ ಮಾತಾಡಿದವನಿಗೆ ಈಗ ಮುಖ ತೋರಿಸಲು ನಾಚಿಕೆ. ಬೆಟ್ಟಕ್ಕೆ ಹೋಗಿ ಆಡು ಕಾಯುತ್ತಾನೆ. ಚಳಿಗಾಲದಲ್ಲಿ ಟೆನಾರ್‌ಳ ಮನೆಗೆ ದುಷ್ಟರು ನುಗ್ಗಲು ಬಂದಾಗ ಅವನ ಕೈಯಲ್ಲಿ ಮಾಂತ್ರಿಕನ ಕೋಲಿಲ್ಲ, ಹುಲ್ಲು ಎತ್ತುವ ಕವೆಗೋಲು. ಮಾಂತ್ರಿಕರಿಗೆ ಬ್ರಹ್ಮಚರ್ಯ ಕಡ್ಡಾಯವಾಗಿದ್ದ ಲೋಕದಲ್ಲಿ, ಹಣ್ಣುಗೂದಲಿನ ವಯಸ್ಸಿನಲ್ಲಿ ಅವನು ಮೊದಲ ಬಾರಿ ಒಬ್ಬ ಹೆಣ್ಣಿನ ಪಕ್ಕ ಮಲಗುತ್ತಾನೆ. ಸಮುದ್ರಯಾನದಿಂದ ಮರಳಿದ ಟೆನಾರ್‌ಳ ಮಗ, ತಾನು ಉಂಡ ತಟ್ಟೆ ಎತ್ತುವುದು ಹೆಂಗಸರ ಕೆಲಸ ಎಂಬ ನಂಬಿಕೆಯಲ್ಲೇ ಇದ್ದಾನೆ. ಆ ಅಡುಗೆಮನೆಯ ದೃಶ್ಯವನ್ನು ಲೆ ಗ್ವಿನ್ ಯುದ್ಧಕ್ಕೆ ಕೊಡುವಷ್ಟೇ ಗಮನ ಕೊಟ್ಟು ಬರೆದಿದ್ದಾರೆ.

ವೀರನನ್ನು ಕುಗ್ಗಿಸಿದರೆಂದು ಕೆಲವು ಓದುಗರು ನೊಂದುಕೊಂಡರು. ನಾನು ಒಪ್ಪುವುದಿಲ್ಲ. ಮೊದಲ ಸಂಪುಟದಲ್ಲಿ ಗೆಡ್ ತನ್ನ ನೆರಳನ್ನು ತನ್ನದೇ ಹೆಸರಿನಿಂದ ಕರೆದು ಗೆದ್ದ. ಆಗ ಅವನ ಬೆನ್ನಿಗೆ ವಿದ್ಯೆಯಿತ್ತು. ಏನೂ ಇಲ್ಲದೆ ಇನ್ನೊಬ್ಬರ ಮನೆಯಲ್ಲಿ ಉಪಯೋಗಕ್ಕೆ ಬರುವುದನ್ನು ಕಲಿತದ್ದು ಈ ನಾಲ್ಕನೆಯ ಸಂಪುಟದಲ್ಲೇ. ನನ್ನ ಪಾಲಿಗೆ ಅವನು ದೊಡ್ಡವನಾದದ್ದು ಇಲ್ಲಿ.

‘ತೆಹಾನು’ವನ್ನು ಅರ್ತ್‌ಸೀಯ ಕೊನೆಯ ಪುಸ್ತಕವೆಂದು ಕರೆದಿದ್ದರೂ ಲೆ ಗ್ವಿನ್ ಅಲ್ಲಿಗೆ ನಿಲ್ಲಿಸಲಿಲ್ಲ. 2001ರಲ್ಲಿ ಇನ್ನೆರಡು ಪುಸ್ತಕ ಬಂದವು. ಅವುಗಳಲ್ಲೊಂದಾದ ‘ಟೇಲ್ಸ್ ಫ್ರಮ್ ಅರ್ತ್‌ಸೀ’ಯ ಮೊದಲ ಕಥೆ ರೋಕ್ ಶಾಲೆಯ ಪೂರ್ವಚರಿತ್ರೆ ಹೇಳುತ್ತದೆ: ಆ ಶಾಲೆ ಕಟ್ಟಿದವರಲ್ಲಿ ಹೆಂಗಸರೂ ಇದ್ದರು. ಅವರಿಗೆ ಬಾಗಿಲು ಮುಚ್ಚಿದ್ದು ಆಮೇಲೆ ಬಂದ ಗಂಡಸರು.