‘ವತನ’ ಎಂಬ ಶಬ್ದದ ಕಥೆ

ನಮ್ಮ ಉಗಾರ ಖುರ್ದದ ಹೆಸರಿನಲ್ಲಿರುವ ‘ಖುರ್ದ’ ಪಾರ್ಸಿ ಶಬ್ದ, ಚಿಕ್ಕದು ಎಂದರ್ಥ. ಉಗಾರ ಬುದ್ರುಕದ ‘ಬುದ್ರುಕ’ ದೊಡ್ಡದು ಎನ್ನುವ ‘ಬುಜುರ್ಗ್’ನಿಂದ ಬಂದದ್ದು. ದಖ್ಖನದ ಸುಲ್ತಾನರ ದಫ್ತರದ ಭಾಷೆ ಊರ ಹೆಸರುಗಳಲ್ಲಿ ಹೀಗೆ ಉಳಿದಿದೆ. ಅದೇ ದಫ್ತರದ ಇನ್ನೊಂದು ಶಬ್ದ ‘ವತನ’ ನಮ್ಮ ಹೊಲಗಳಿಗೇ ಇಳಿಯಿತು.

ಉರ್ದು ಬಲ್ಲವರಿಗೆ ವತನ ಎಂದರೆ ತಾಯ್ನಾಡು. ಅರಬಿ ಮೂಲದಲ್ಲಿ ಅದು ನೆಲೆಸಿದ ಜಾಗ. ದಖ್ಖನದಲ್ಲಿ ಮಾತ್ರ ಅದರ ಅರ್ಥ ಬೇರೆಯಾಯಿತು: ತಲೆಮಾರಿನಿಂದ ಬಂದ ಹುದ್ದೆ, ಆ ಹುದ್ದೆಗೆಂದು ಬಿಟ್ಟ ಭೂಮಿ, ಅದರೊಡನೆ ಬರುವ ಹಕ್ಕು ಮತ್ತು ಮಾನ. ಪಾಟೀಲ, ಕುಲಕರ್ಣಿ, ದೇಸಾಯಿ ಎಂಬ ಅಡ್ಡಹೆಸರುಗಳೆಲ್ಲ ಮೊದಲು ಹುದ್ದೆಗಳೇ. ಖಾಜಿ, ಮುಲ್ಲಾ ಮನೆತನಗಳಿಗೂ ಇಂಥ ಭೂಮಿ ಇರುತ್ತಿತ್ತು. 1686ರಲ್ಲಿ ಬಿಜಾಪುರದ ಆದಿಲಶಾಹಿ ಬಿದ್ದಿತು; ಮೊಘಲರು, ಮರಾಠರು, ಇಂಗ್ಲಿಷರು ಬಂದರು. ರಾಜರು ಬದಲಾದರೂ ವತನದಾರ ಬದಲಾಗಲಿಲ್ಲ.

ಆದರೆ ಇದನ್ನು ಬರೀ ದೊಡ್ಡ ಮನೆತನಗಳ ವೈಭವವೆಂದು ತಿಳಿಯಬೇಡಿ. ಊರ ಕಾವಲು ಕಾಯುವವನಿಗೂ, ಸರಕಾರಿ ಪತ್ರ ಹೊತ್ತು ಓಡುವವನಿಗೂ, ಸತ್ತ ದನ ಎಳೆಯುವವನಿಗೂ ವತನವಿತ್ತು. ತುಂಡು ಭೂಮಿಗಾಗಿ ಇಡೀ ಕುಟುಂಬ ಹಗಲು ರಾತ್ರಿ ಕರೆದಾಗ ಓಗೊಡಬೇಕು. ಪಾಟೀಲನಿಗೆ ಮಾನ ತಂದ ಶಬ್ದವೇ ಇವರಿಗೆ ಸಂಕೋಲೆಯಾಯಿತು. 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ಈ ಪದ್ಧತಿಯನ್ನು ಇನ್ನಷ್ಟು ಬಿಗಿ ಮಾಡಿತು. ಸರಕಾರದ ಒಪ್ಪಿಗೆಯಿಲ್ಲದೆ ವತನ ಭೂಮಿಯನ್ನು ಹೊರಗಿನವರಿಗೆ ಮಾರುವಂತಿರಲಿಲ್ಲ. ಡಾ. ಅಂಬೇಡ್ಕರ್ ಅವರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಅದರ ತಿದ್ದುಪಡಿಗೆ ಮಸೂದೆ ತಂದದ್ದು ಮಹಾರರನ್ನು ಈ ದುಡಿಮೆಯಿಂದ ಬಿಡಿಸಲೆಂದೇ. ಮಸೂದೆ ಪಾಸಾಗಲಿಲ್ಲ. ಆಗ ನಮ್ಮ ಬೆಳಗಾವಿ ಜಿಲ್ಲೆಯೂ ಮುಂಬಯಿ ಪ್ರಾಂತದಲ್ಲಿತ್ತು ಎಂಬುದನ್ನು ನೆನಪಿಡಿ.

ನಮ್ಮಲ್ಲಿ ಅಂತ್ಯ ಹಾಡಿದ್ದು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ. ಜಾರಿಗೆ ಬಂದದ್ದು 1963ರಲ್ಲಿ. ಹುದ್ದೆ ಹೋಯಿತು, ಭೂಮಿ ಸರಕಾರಕ್ಕೆ ಸೇರಿತು. ನಿಗದಿತ ಹಣ ಕಟ್ಟಿಸಿಕೊಂಡು ಹಳೆಯ ಹಿಡುವಳಿದಾರನಿಗೇ ಮರುಮಂಜೂರು ಮಾಡಿದರು. 1978ರ ತಿದ್ದುಪಡಿ, ಹಾಗೆ ಸಿಕ್ಕ ಭೂಮಿಯನ್ನು 15 ವರ್ಷ ಮಾರಬಾರದೆಂದಿತು. ಹಣ ಕಟ್ಟಲಾಗದೆ, ತಿಳಿಯದೆ, ಮರುಮಂಜೂರಾತಿಗೆ ಅರ್ಜಿಯನ್ನೇ ಹಾಕದ ಬಡವರಿದ್ದರು. ಅಂಥ ಭೂಮಿಯ ವ್ಯಾಜ್ಯಗಳು ಮೊಮ್ಮಕ್ಕಳ ಕಾಲಕ್ಕೂ ಕೋರ್ಟಿನಲ್ಲಿ ನಡೆದಿವೆ. ನಿಮ್ಮ ಮನೆಯ ಹಳೆಯ ಉತಾರದಲ್ಲಿ ‘ವತನ’ ಎಂದಿದ್ದರೆ, ಮರುಮಂಜೂರಾತಿಯ ಆದೇಶ ಕಾಗದಗಳಲ್ಲಿ ಇದೆಯೇ ಎಂದು ಹಿರಿಯರನ್ನು ಕೇಳಿ ನೋಡಿ.