ಕೆಂಪು ಸಮುದ್ರದ ಮೀನುಗಳೂ ಅವುಗಳ ಅರಬ್ಬೀ ಹೆಸರುಗಳೂ

ಭೂಪಟದಲ್ಲಿ ಕೆಂಪು ಸಮುದ್ರವು ಹಿಂದೂ ಮಹಾಸಾಗರದ ಒಂದು ತೋಳಿನಂತೆ ತೋರಿದರೂ ಅದರ ನೀರಿನ ಸ್ವಭಾವವೇ ಬೇರೆ. ಸುಮಾರು 2,250 ಕಿಲೋಮೀಟರು ಉದ್ದವಾದ ಈ ಕಡಲಿಗೆ ನಿತ್ಯವೂ ಹರಿಯುವ ನದಿ ಒಂದಾದರೂ ಬಂದು ಸೇರುವುದಿಲ್ಲ, ಮಳೆಯೂ ಅತ್ಯಲ್ಪ. ವರ್ಷವೊಂದಕ್ಕೆ ಸುಮಾರು ಎರಡು ಮೀಟರಿನಷ್ಟು ನೀರು ಆವಿಯಾಗುತ್ತದೆ. ಈ ನಷ್ಟವನ್ನು ತುಂಬುವುದು ದಕ್ಷಿಣದ ಬಾಬ್ ಎಲ್ ಮಂಡೆಬ್ ಜಲಸಂಧಿಯಿಂದ ಒಳಬರುವ ನೀರು. ಅದರ ಸಮೀಪದಲ್ಲಿ ಕಡಲ ನೆಲವು ಹೊಸ್ತಿಲಿನಂತೆ ಎದ್ದಿದ್ದು, ಅಲ್ಲಿಯ ಆಳ ಸುಮಾರು 137 ಮೀಟರು ಮಾತ್ರ. ಒಳಗಾದರೋ ಕೆಲವೆಡೆ 2,500 ಮೀಟರಿಗೂ ಮಿಕ್ಕ ಆಳವುಂಟು. ಹೊರಸಾಗರದ ತಣ್ಣನೆಯ ಆಳನೀರು ಈ ಹೊಸ್ತಿಲನ್ನು ದಾಟಲಾರದಾದುದರಿಂದ ಕೆಂಪು ಸಮುದ್ರದ ತಳದಲ್ಲಿಯೂ ನೀರು 21 ಡಿಗ್ರಿ ಸೆಂಟಿಗ್ರೇಡಿಗಿಂತ ಬೆಚ್ಚಗಿರುತ್ತದೆ. ಉತ್ತರದಲ್ಲಿ ಉಪ್ಪಿನ ಅಂಶ ಸಾವಿರಕ್ಕೆ 40ರಷ್ಟಾಗುತ್ತದೆ. ಇಲ್ಲಿಯ ಮೀನುಗಳಲ್ಲಿ ಹತ್ತಕ್ಕೊಂದಕ್ಕಿಂತ ಹೆಚ್ಚು ಜಾತಿಗಳು ಬೇರೆಲ್ಲಿಯೂ ಇಲ್ಲದಿರುವುದಕ್ಕೆ ಈ ಏಕಾಂತವನ್ನೇ ಮುಖ್ಯ ಕಾರಣವೆಂದು ನಾವು ಗಣಿಸುತ್ತೇವೆ.

ಈ ಜಲಚರಗಳನ್ನು ಮೊದಲಿಗೆ ವಿಸ್ತಾರವಾಗಿ, ಶಾಸ್ತ್ರೀಯವಾಗಿ ವರ್ಣಿಸಿದವನು ಲಿನೇಯಸನ ಶಿಷ್ಯನಾದ ಪೇಟರ್ ಫೊರ್ಸ್‌ಕಾಲ್. ಡೆನ್ಮಾರ್ಕಿನ ದೊರೆಯು 1761ರಲ್ಲಿ ಅರೇಬಿಯಕ್ಕೆ ಕಳುಹಿಸಿದ ತಂಡದಲ್ಲಿ ಅವನೂ ಒಬ್ಬ. 1762ರಲ್ಲಿ ಅವರು ಸುಯೆಜಿನಿಂದ ಹಡಗೇರಿ ಜಿದ್ದಾಕ್ಕೂ ಅಲ್ಲಿಂದ ಯೆಮನ್ನಿಗೂ ಸಾಗಿದರು. ಫೊರ್ಸ್‌ಕಾಲನು ಮೀನನ್ನು ಉದ್ದುದ್ದ ಸೀಳಿ, ಅರ್ಧಭಾಗದ ಚರ್ಮವನ್ನು ಒಣಗಿಸಿ, ಗಿಡದೆಲೆಯನ್ನು ಅಂಟಿಸುವಂತೆ ಕಾಗದಕ್ಕೆ ಅಂಟಿಸುತ್ತಿದ್ದನು. ಹಾಗೆ ಅಂಟಿಸಿದ ಹಾಳೆಗಳು ಕೋಪನ್‌ಹೇಗನ್ನಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಉಳಿದಿವೆ. ಅವನು ಮಾತ್ರ ಊರಿಗೆ ಮರಳಲಿಲ್ಲ. 1763ರ ಜುಲೈ ತಿಂಗಳಲ್ಲಿ, ತನ್ನ 31ನೆಯ ವಯಸ್ಸಿನಲ್ಲಿ, ಯೆಮನ್ನಿನ ಯಾರಿಮ್ ಎಂಬಲ್ಲಿ ಜ್ವರದಿಂದ ತೀರಿಕೊಂಡನು. ಜೊತೆಯವರೂ ಒಬ್ಬೊಬ್ಬರಾಗಿ ಸತ್ತರು. ಕೊನೆಯವನು ಮುಂಬಯಿಯಲ್ಲಿ ಮಡಿದನು. 1767ರಲ್ಲಿ ಹಿಂದಿರುಗಿದವನು ಕಾರ್ಸ್ಟೆನ್ ನೀಬೂರ್ ಒಬ್ಬನೇ. ಗೆಳೆಯನ ಟಿಪ್ಪಣಿಗಳನ್ನು ಅವನೇ 1775ರಲ್ಲಿ ಅಚ್ಚು ಹಾಕಿಸಿದನು.

ಆ ಗ್ರಂಥದಲ್ಲಿ ನಮ್ಮ ಗಮನ ಸೆಳೆಯುವುದು ಹೆಸರುಗಳು. ಬೋಹರ್, ಹರಕ್, ಘೊಬ್ಬನ್: ಇವು ಲ್ಯಾಟಿನ್ ಅಲ್ಲ, ಆ ಕರಾವಳಿಯವರ ಅರಬ್ಬೀ ಮಾತುಗಳು. ಲುಟ್ಜಾನಸ್ ಬೋಹರ್, ಲೆತ್ರಿನಸ್ ಹರಕ್, ಸ್ಕೇರಸ್ ಘೊಬ್ಬನ್ ಎಂದು ಶಾಸ್ತ್ರಜ್ಞರು ಈಗಲೂ ಬಳಸುತ್ತಾರೆ. ಆ ಕಡಲ ದಡದಲ್ಲಿ ಒಂದು ವರ್ಷವನ್ನೂ ತುಂಬ ಕಳೆಯದ ಪರದೇಶೀಯನು ಇಷ್ಟು ಜಾತಿಗಳ ಭೇದವನ್ನು ತಾನೊಬ್ಬನೇ ಕಂಡುಕೊಂಡನೆನ್ನುವುದು ನಮಗೆ ಒಪ್ಪಿಗೆಯಾಗದು. ಬೇರೆ ಬೇರೆ ಮೀನಿಗೆ ಬೇರೆ ಬೇರೆ ಹೆಸರಿಟ್ಟಿದ್ದ ಬೆಸ್ತರು ವರ್ಗೀಕರಣದ ಮೊದಲ ಹೆಜ್ಜೆಯನ್ನು ಆಗಲೇ ಇಟ್ಟಿದ್ದರು. ಶಾಸ್ತ್ರದ ಪದ್ಧತಿಯಂತೆ ಈ ಜಾತಿನಾಮಗಳ ಮುಂದೆ ಬರೆಯುವುದು ಮಾತ್ರ ಫೊರ್ಸ್‌ಕಾಲನ ಹೆಸರನ್ನು. ಆದರೂ ಕೇಳಿದ ಹೆಸರನ್ನು ಅಳಿಸದೆ ಉಳಿಸಿದ ಅವನ ಪ್ರಾಮಾಣಿಕತೆ ದೊಡ್ಡದು.

1869ರಲ್ಲಿ ಸುಯೆಜ್ ಕಾಲುವೆ ತೆರೆದಾಗ ಈ ಕಡಲಿಗೆ ಉತ್ತರದಲ್ಲಿಯೂ ಬಾಗಿಲಾಯಿತು. ನಡುವಣ ಕಹಿ ಸರೋವರಗಳ ತೀವ್ರವಾದ ಉಪ್ಪು ಕೆಲವು ದಶಕಗಳ ಕಾಲ ಅನೇಕ ಜೀವಿಗಳನ್ನು ತಡೆದು, ಕ್ರಮೇಣ ಕರಗಿತು. ಫೊರ್ಸ್‌ಕಾಲನು ಅರಬ್ಬೀ ಮಾತಿನಿಂದಲೇ ಹೆಸರಿಸಿದ ಸಿಗಾನಸ್ ಮೀನು ಈ ದಾರಿಯಲ್ಲಿ ದಾಟಿ, ಪೂರ್ವ ಮೆಡಿಟರೇನಿಯನ್ನಿನ ಬಂಡೆಗಳ ಮೇಲಿನ ಪಾಚಿಯನ್ನು ಈಗ ಮೇದು ಬೋಳುಮಾಡುತ್ತಿದೆ.